ಕನ್ನಡ ಮಾಧ್ಯಮದಿಂದ ನರ್ಸಿಂಗ್‌ಗೆ ಬಂದವರು ವೈದ್ಯಕೀಯ ಪದಗಳನ್ನು ಹೇಗೆ ಕಲಿತಿರಿ?

ಭೀಮಾತೀರದವಳು:

ಎಲ್ಲ ಹಿರಿಯರಿಗೂ ನಮಸ್ಕಾರ. ನಾನು ಯಾದಗಿರಿ ಜಿಲ್ಲೆಯ ಒಂದು ಹಳ್ಳಿಯವಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿ ವಿಜ್ಞಾನವನ್ನು ಹೇಗೋ ಇಂಗ್ಲಿಷಿನಲ್ಲಿ ದಾಟಿ, ಈಗ ಕಲಬುರಗಿಯಲ್ಲಿ ಬಿ.ಎಸ್ಸಿ. ನರ್ಸಿಂಗ್ ಮೊದಲ ಸೆಮಿಸ್ಟರಿನಲ್ಲಿದ್ದೇನೆ. ಪಾಠ ಅರ್ಥವಾಗುವುದಿಲ್ಲ ಎಂದೇನೂ ಅಲ್ಲ. ಹೃದಯದಲ್ಲಿ ರಕ್ತ ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂಬುದನ್ನು ಕನ್ನಡದಲ್ಲಿ ಕೇಳಿದರೆ ಚಿತ್ರ ಬರೆದು ಹೇಳಬಲ್ಲೆ. ಕಷ್ಟವಿರುವುದು ಹೆಸರುಗಳಲ್ಲಿ. ಎರಡು ನೂರು ಪುಟದ ನೋಟ್‌ಬುಕ್ಕಿನ ಮುಕ್ಕಾಲು ಭಾಗ ಪದಗಳಿಂದಲೇ ತುಂಬಿದೆ, ರಾತ್ರಿ ಬಾಯಿಪಾಠ ಮಾಡಿದ್ದು ಬೆಳಿಗ್ಗೆ ಕ್ಲಾಸಿಗೆ ಹೋಗುವಷ್ಟರಲ್ಲಿ ಮರೆತಿರುತ್ತದೆ. ಮೊನ್ನೆ ಪಿತ್ತಕೋಶದ ಶಸ್ತ್ರಚಿಕಿತ್ಸೆಯ ಹೆಸರನ್ನು ಗಟ್ಟಿಯಾಗಿ ಓದಲು ಹೇಳಿದಾಗ ನಾನು 'ಚೋಲೆ' ಎಂದು ಶುರುಮಾಡಿದೆ. ಹಿಂದಿನ ಬೆಂಚಿನಿಂದ ಯಾರೋ 'ಭಟೂರೆ' ಎಂದರು. ಅಂದಿನಿಂದ ಕ್ಲಾಸಿನಲ್ಲಿ ಬಾಯಿ ತೆರೆಯುವುದಕ್ಕೆ ಹಿಂಜರಿಕೆಯಾಗಿದೆ.

ನನ್ನ ಗೆಳತಿ ಹೇಳುವಂತೆ, ಕನ್ನಡದಲ್ಲಿ ಅರ್ಥ ಬರೆದುಕೊಳ್ಳುವುದನ್ನು ಬಿಟ್ಟರೆ ಮಾತ್ರ ಇಂಗ್ಲಿಷ್ ಪದಗಳು ನಿಲ್ಲುತ್ತವೆ. ಇದು ನಿಜವೇ? ಈ ದಾರಿಯಲ್ಲಿ ನಡೆದು ಬಂದವರು ದಯವಿಟ್ಟು ತಿಳಿಸಬೇಕು.

ರಾತ್ರಿಪಾಳಿ:

ನಾನು ಜಿ.ಎನ್.ಎಂ. ಎಂಬ ನರ್ಸಿಂಗ್ ಡಿಪ್ಲೊಮಾ ಮುಗಿಸಿ ಎರಡು ವರ್ಷವಾಯಿತು. ದಿನಕ್ಕೆ ಹತ್ತು ಪದ, ಚೀಟಿಯ ಒಂದು ಬದಿಗೆ ಪದ, ಇನ್ನೊಂದು ಬದಿಗೆ ಅರ್ಥ. ಮರುದಿನ, ಮೂರನೆಯ ದಿನ, ವಾರದ ನಂತರ ಮತ್ತೆ ತಿರುವಿ ನೋಡಬೇಕು. ಬೇರೆ ಉಪಾಯವಿಲ್ಲ. ಪರೀಕ್ಷೆಯನ್ನು ಇಂಗ್ಲಿಷಿನಲ್ಲಿಯೇ ಬರೆಯಬೇಕಾಗಿರುವುದರಿಂದ ನಿಮ್ಮ ಗೆಳತಿ ಹೇಳಿದ್ದು ಸರಿ.

ಬೀದರ್ ಬೋಧಕ:

ನಿಮ್ಮ ಗೆಳತಿ ಹೇಳಿದ್ದು ಸರಿಯಲ್ಲ ಎಂದು ಹದಿನೈದು ವರ್ಷ ಪಾಠ ಮಾಡಿದ ಅನುಭವದ ಮೇಲೆ ಹೇಳುತ್ತೇನೆ. ಭಾರತೀಯ ಶುಶ್ರೂಷಾ ಪರಿಷತ್ತಿನ 2021ರ ಪರಿಷ್ಕೃತ ಪಠ್ಯಕ್ರಮದಂತೆ 8 ಸೆಮಿಸ್ಟರುಗಳ ಪೈಕಿ ಮೊದಲನೆಯದರಲ್ಲಿಯೇ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ನರ್ಸಿಂಗ್ ಫೌಂಡೇಶನ್ ಮೂರೂ ಒಟ್ಟಿಗೆ ಬಂದು ಬೀಳುವುದರಿಂದ ಪದಗಳ ಹೊರೆ ಯಾರಿಗಾದರೂ ಹೆಚ್ಚೆನಿಸುತ್ತದೆ. ಇಂಗ್ಲಿಷ್ ಮಾಧ್ಯಮದಿಂದ ಬಂದವರಿಗೂ ಈ ಪದಗಳು ಹೊಸವೇ, ಏಕೆಂದರೆ ಇವುಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಪದಗಳೇ ಅಲ್ಲ, ಗ್ರೀಕ್ ಮತ್ತು ಲ್ಯಾಟಿನ್ ಮೂಲದವು. ಹಿಂದೆ ಪರಿಸ್ಥಿತಿ ಇನ್ನೂ ಕೆಟ್ಟದಾಗಿತ್ತು. ಒಂದೇ ಅಂಗಕ್ಕೆ ಒಬ್ಬೊಬ್ಬ ಪಂಡಿತರು ಒಂದೊಂದು ಹೆಸರಿಟ್ಟು ಸುಮಾರು 50,000 ಹೆಸರುಗಳಾಗಿದ್ದವು. 1895ರಲ್ಲಿ ಬಾಸೆಲ್ ನಗರದಲ್ಲಿ ಸೇರಿದ ಅಂಗರಚನಾಶಾಸ್ತ್ರಜ್ಞರು ಅವುಗಳನ್ನು ಜರಡಿ ಹಿಡಿದು ಸುಮಾರು 5,000ಕ್ಕೆ ಇಳಿಸಿದರು. ನಮ್ಮ ಪಾಲಿಗೆ ಬಂದಿರುವುದು ಜರಡಿ ಹಿಡಿದ ನಂತರದ್ದು.

ಈಗ ನಿಮ್ಮನ್ನು ನಗೆಗೀಡು ಮಾಡಿದ ಪದವನ್ನೇ ತೆಗೆದುಕೊಳ್ಳಿ: ಕೋಲೆಸಿಸ್ಟೆಕ್ಟಮಿ. 'ಕೋಲೆ' ಎಂದರೆ ಪಿತ್ತ, 'ಸಿಸ್ಟ್' ಎಂದರೆ ಚೀಲ ಅಥವಾ ಕೋಶ, 'ಎಕ್ಟಮಿ' ಎಂದರೆ ಕತ್ತರಿಸಿ ತೆಗೆಯುವುದು. ಪಿತ್ತ, ಕೋಶ, ತೆಗೆಯುವುದು. ಕನ್ನಡದ 'ಪಿತ್ತಕೋಶ' ಎಂಬ ಪದ ಆ ಗ್ರೀಕ್ ಪದದ ಪಕ್ಕದಲ್ಲಿ ತುಂಡಿಗೆ ತುಂಡು ಕೂಡುತ್ತದೆ. ಇಂಗ್ಲಿಷ್ ಪಠ್ಯಪುಸ್ತಕಗಳು 'ಪದವನ್ನು ಕೊನೆಯಿಂದ ಹಿಂದಕ್ಕೆ ಓದಿ' ಎಂದು ಕಲಿಸುತ್ತವೆ, ಏಕೆಂದರೆ ಆ ಭಾಷೆಯಲ್ಲಿ 'ತೆಗೆಯುವುದು' ಎಂಬ ಮಾತು ಮೊದಲು ಬಂದು 'ಪಿತ್ತಕೋಶ' ಆಮೇಲೆ ಬರುತ್ತದೆ. ನಮಗೆ ಆ ತಿರುವುಮುರುವು ಬೇಕಿಲ್ಲ. ಹೆಪಟೋಮೆಗಲಿ ಎಂದರೆ ಯಕೃತ್ತಿನ ಹಿಗ್ಗುವಿಕೆ. ಪದ ಇರುವ ಕ್ರಮದಲ್ಲಿಯೇ ಅರ್ಥವೂ ಬರುತ್ತದೆ. ನೆಫ್ರೈಟಿಸ್ ಎಂದರೆ ಮೂತ್ರಪಿಂಡದ ಉರಿಯೂತ. ಶಾಲೆಯಲ್ಲಿ ಸಮಾಸವನ್ನು ಬಿಡಿಸಿ ವಿಗ್ರಹವಾಕ್ಯ ಬರೆದದ್ದು ನೆನಪಿದೆಯಷ್ಟೇ? ಹಾಗೆಯೇ ಬರೆಯಿರಿ.

ಒಂದು ಎಚ್ಚರಿಕೆ. ಬಾಲದ ತುಂಡುಗಳನ್ನು ಮಾತ್ರ ಚೆನ್ನಾಗಿ ನೋಡಿಕೊಳ್ಳಬೇಕು. 'ಆಟಮಿ' ಎಂದರೆ ಕೊಯ್ದು ತೆರೆಯುವುದು, 'ಎಕ್ಟಮಿ' ಎಂದರೆ ಕೊಯ್ದು ಹೊರತೆಗೆಯುವುದು, 'ಆಸ್ಟಮಿ' ಎಂದರೆ ಬಾಯಿಯೊಂದನ್ನು ಮಾಡಿ ಬಿಡುವುದು. 'ಸ್ಟೋಮ' ಎಂಬ ಗ್ರೀಕ್ ಪದದ ಅರ್ಥವೇ ಬಾಯಿ. ಪ್ರತಿ ವರ್ಷ ಹೆಚ್ಚು ವಿದ್ಯಾರ್ಥಿಗಳು ಅಂಕ ಕಳೆದುಕೊಳ್ಳುವುದು ಈ ಮೂರರಲ್ಲಿಯೇ.

ನಿವೃತ್ತ ಕನ್ನಡ ಮಾಸ್ತರ:

ನಾನು ವೈದ್ಯಕೀಯದವನಲ್ಲ. ನನ್ನ ಮಗಳು ಶುಶ್ರೂಷಕಿಯಾಗಿರುವುದರಿಂದ ಈ ಚರ್ಚೆಯನ್ನು ಓದುತ್ತಿದ್ದೆ. ಬೋಧಕರು ಸಮಾಸದ ಮಾತೆತ್ತಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಮಗಳು ಓದುತ್ತಿದ್ದಾಗ ಅವಳ ಪುಸ್ತಕವನ್ನು ತಿರುವಿ ಹಾಕಿ ನಾನು ಕಂಡುಕೊಂಡ ಕೆಲವನ್ನು ಹೇಳುತ್ತೇನೆ.

'ಗ್ಯಾಸ್ಟ್ರೋ' ಎಂಬುದಕ್ಕೆ 'ಐಟಿಸ್' ಸೇರಿದಾಗ ನಡುವಿನ 'ಓ' ಬಿದ್ದುಹೋಗಿ 'ಗ್ಯಾಸ್ಟ್ರೈಟಿಸ್' ಆಗುತ್ತದೆ. ಸ್ವರದ ಮುಂದೆ ಸ್ವರ ಬಂದಾಗ ಹಿಂದಿನದು ಬೀಳುವುದು, ಅಂದರೆ 'ಮಾತು' ಮತ್ತು 'ಇಲ್ಲ' ಸೇರಿ 'ಮಾತಿಲ್ಲ' ಆದಂತೆ, ನಮ್ಮ ಲೋಪಸಂಧಿಯೇ. ಆದರೆ ಎರಡು ಅಂಗಗಳ ಹೆಸರು ಒಂದರ ಪಕ್ಕ ಒಂದು ಬಂದರೆ ಆ 'ಓ' ಬೀಳುವುದಿಲ್ಲ: 'ಗ್ಯಾಸ್ಟ್ರೋಎಂಟರೈಟಿಸ್'. ಅದನ್ನು ಪ್ರಕೃತಿಭಾವ ಎನ್ನೋಣ. ಅರ್ಥ ಬಿಡಿಸಿದರೆ ಜಠರ ಮತ್ತು ಕರುಳುಗಳ ಉರಿಯೂತ, ಎಂದರೆ ತತ್ಪುರುಷದ ಹೊಟ್ಟೆಯಲ್ಲಿ ಒಂದು ದ್ವಂದ್ವ. ನಮ್ಮಲ್ಲಿ ನೀರು ಮತ್ತು ಜಲ ಎರಡೂ ಇರುವಂತೆ ಅವರಲ್ಲಿ ಮೂತ್ರಪಿಂಡಕ್ಕೆ ಗ್ರೀಕಿನ 'ನೆಫ್ರೋ' ಉಂಟು, ಲ್ಯಾಟಿನ್ನಿನ 'ರೀನಲ್' ಉಂಟು. ಎರಡು ಭಾಷೆಗಳನ್ನು ಬೆರೆಸಿದ ಅರಿಸಮಾಸವೂ ಧಾರಾಳವಾಗಿದೆ: 'ಹೈಪರ್‌ಟೆನ್ಷನ್' ಎಂಬುದರ ತಲೆ ಗ್ರೀಕ್, ಮೈ ಲ್ಯಾಟಿನ್. ನನ್ನ ವಿದ್ಯಾರ್ಥಿಗಳು ಹೀಗೆ ಬರೆದಿದ್ದರೆ ಕೆಂಪು ಶಾಯಿಯಿಂದ ಗೀಟು ಹಾಕುತ್ತಿದ್ದೆ.

ಇನ್ನು ಗ್ರೀಕ್ ಮತ್ತು ಸಂಸ್ಕೃತಗಳು ದಾಯಾದಿ ಭಾಷೆಗಳಾದ ಕಾರಣ, ಕನ್ನಡದ ತತ್ಸಮ ಪದಗಳನ್ನು ಬಲ್ಲವರಿಗೆ ಅರ್ಧ ಕೆಲಸ ಮೊದಲೇ ಆಗಿರುತ್ತದೆ. ಎಲುಬಿಗೆ ಅವರು 'ಆಸ್ಟಿಯೋ' ಎಂದರೆ ನಾವು 'ಅಸ್ಥಿ' ಎನ್ನುತ್ತೇವೆ. ಹಲ್ಲಿಗೆ 'ಓಡಾಂಟ್', 'ದಂತ'. ಸುತ್ತಲೂ ಎಂಬುದಕ್ಕೆ 'ಪೆರಿ', 'ಪರಿ'. ಹೃದಯವನ್ನು ಸುತ್ತುವರಿದ ಪೊರೆ ಪೆರಿಕಾರ್ಡಿಯಂ. ಮೇಲೆ ಎಂಬುದಕ್ಕೆ 'ಹೈಪರ್', 'ಉಪರಿ'. ಕೀವಿಗೆ 'ಪೈಯೋ', 'ಪೂಯ'. ಕೆಟ್ಟದ್ದು, ಕಷ್ಟದ್ದು ಎಂಬುದಕ್ಕೆ 'ಡಿಸ್', 'ದುಸ್'. ಇಲ್ಲ ಎಂಬುದಕ್ಕೆ ಎರಡೂ ಕಡೆ 'ಅ' ಮತ್ತು 'ಅನ್'. ಇವು ಕಾಕತಾಳೀಯವಲ್ಲ, ಒಂದೇ ಬೇರಿನ ಚಿಗುರುಗಳು.

ರಾತ್ರಿಪಾಳಿ:

ಮಾಸ್ತರರೇ, ಓದಲು ಬಹಳ ಸೊಗಸಾಗಿದೆ, ಆದರೆ ಇದನ್ನೇ ನಂಬಿ ವಾರ್ಡಿಗೆ ಹೋದರೆ ಪೆಟ್ಟು ತಿನ್ನಬೇಕಾಗುತ್ತದೆ. ಕನ್ನಡ ಲಿಪಿಯಲ್ಲಿ 'ಇಲಿಯಂ' ಎಂದು ಬರೆದುಕೊಂಡರೆ ಅದು ಸಣ್ಣ ಕರುಳಿನ ಕೊನೆಯ ಭಾಗವೋ ಸೊಂಟದ ಎಲುಬೋ? ಇಂಗ್ಲಿಷ್ ಕಾಗುಣಿತದಲ್ಲಿ ಮೂರನೆಯ ಅಕ್ಷರ 'ಇ' ಆದರೆ ಕರುಳು, 'ಐ' ಆದರೆ ಎಲುಬು. ಕನ್ನಡದಲ್ಲಿ ಆ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಬಿಡಿಸಿ ನೋಡಿದರೆ ದಾರಿ ತಪ್ಪಿಸುವ ಪದಗಳೂ ಇವೆ. ಅನೀಮಿಯಾ ಎಂಬುದನ್ನು ಬಿಡಿಸಿದರೆ 'ರಕ್ತವೇ ಇಲ್ಲದಿರುವುದು' ಎಂದಾಗುತ್ತದೆ. ಮಲೇರಿಯಾವನ್ನು ಬಿಡಿಸಿದರೆ 'ಕೆಟ್ಟ ಗಾಳಿ', ಸೊಳ್ಳೆಯ ಸುಳಿವೇ ಇಲ್ಲ. 'ಮೈಲೋ' ಎಂಬ ತುಂಡಿಗೆ ಒಂದು ಕಡೆ ಮೂಳೆಮಜ್ಜೆ, ಇನ್ನೊಂದು ಕಡೆ ಬೆನ್ನುಹುರಿ.

ಬೀದರ್ ಬೋಧಕ:

ಒಪ್ಪುತ್ತೇನೆ. ಉಚ್ಚಾರಣೆಯನ್ನು ಕನ್ನಡದಲ್ಲಿ ಬರೆದುಕೊಳ್ಳಲಿ, ಕಾಗುಣಿತವನ್ನು ಮಾತ್ರ ಇಂಗ್ಲಿಷಿನಲ್ಲಿಯೇ ಕೈಯಿಂದ ಬರೆದು ರೂಢಿಸಿಕೊಳ್ಳಲಿ. ಆದರೆ ಲಿಪಿಯ ದೋಷ ಎರಡೂ ಕಡೆ ಇದೆ ಎಂಬುದನ್ನು ಮರೆಯಬೇಡಿ. ನುಂಗಲು ಕಷ್ಟವಾಗುವ ಡಿಸ್ಫೇಜಿಯಾ ಮತ್ತು ಮಾತಾಡಲು ಕಷ್ಟವಾಗುವ ಡಿಸ್ಫೇಸಿಯಾ ಇಂಗ್ಲಿಷ್ ಕೈಬರಹದಲ್ಲಿ ಒಂದೇ ತರಹ ಕಾಣುತ್ತವೆ. ಕನ್ನಡದಲ್ಲಿ ಬರೆದರೆ 'ಜಿ' ಮತ್ತು 'ಸಿ' ಬೇರೆಯಾಗಿ ನಿಲ್ಲುತ್ತವೆ. ಪದದ ಮೊದಲು ಬಂದು ಉಚ್ಚಾರವಾಗದ 'ಪಿ' ಅಕ್ಷರಕ್ಕೂ ಇದೇ ಮದ್ದು: ನ್ಯುಮೋನಿಯಾ, ಸೋರಿಯಾಸಿಸ್, ಟೋಸಿಸ್. ಕನ್ನಡದಲ್ಲಿ ಒಮ್ಮೆ ಬರೆದುಕೊಂಡವರು ಮತ್ತೆ 'ಪ್ನ್ಯು' ಎನ್ನುವುದಿಲ್ಲ, 'ಚೋಲೆ'ಯನ್ನೂ ಎನ್ನುವುದಿಲ್ಲ.

ವಾರ್ಡಿನ ಹಿರಿಯಕ್ಕ:

ತಂಗಿ, ನೀನು ಕೇಳಿದ ಪ್ರಶ್ನೆಗೆ ಎಲ್ಲರೂ ಪುಸ್ತಕದ ಕಡೆಯಿಂದ ಉತ್ತರ ಕೊಟ್ಟಿದ್ದಾರೆ. ನಾನು ಮಂಚದ ಕಡೆಯಿಂದ ಹೇಳುತ್ತೇನೆ. ಕಲಬುರಗಿಯ ವಾರ್ಡುಗಳಲ್ಲಿ ಇಪ್ಪತ್ತೊಂದು ವರ್ಷ ಕಳೆದಿದ್ದೇನೆ. ಇಷ್ಟು ವರ್ಷಗಳಲ್ಲಿ ಯಾವ ರೋಗಿಯೂ ನನ್ನ ಬಳಿ ಬಂದು 'ಡಿಸ್‌ಪ್ನಿಯಾ' ಎಂದಿಲ್ಲ. 'ಸಿಸ್ಟರ್, ದಮ್ ಹತ್ತಲಿಕತ್ತದ' ಎನ್ನುತ್ತಾರೆ. ಅವರು ಹೇಳಿದ್ದನ್ನು ಕಿವಿಯಲ್ಲಿ ಕೇಳಿ, ಕಣ್ಣಿನಲ್ಲಿ ನೋಡಿ, ಕೇಸ್ ಶೀಟಿನಲ್ಲಿ ಸರಿಯಾದ ಪದವಾಗಿ ಇಳಿಸುವುದು ನಮ್ಮ ಕೆಲಸ. ಕನ್ನಡವನ್ನು ಬಿಟ್ಟು ಪದ ಕಲಿತವಳಿಗೆ ಈ ಕೆಲಸ ಬರುವುದಿಲ್ಲ.

ನಾನು ಹೊಸಬಳಿದ್ದಾಗ ನಡೆದದ್ದನ್ನು ಹೇಳುತ್ತೇನೆ. ಆಳಂದ ಕಡೆಯಿಂದ ಒಬ್ಬ ಮುದುಕರನ್ನು ಕರೆತಂದಿದ್ದರು. ಜೊತೆಗೆ ಬಂದ ಮಗ 'ಬಾಯಾಗಿಂದ ರಕ್ತ ಬಿದ್ದದರಿ' ಎಂದ. ನಾನು ಹಿಂದುಮುಂದು ನೋಡದೆ 'ಹೀಮಟೆಮೆಸಿಸ್' ಎಂದು ಬರೆದೆ, ಎಂದರೆ ರಕ್ತವಾಂತಿ. ಆಗಿನ ನಮ್ಮ ಇನ್‌ಚಾರ್ಜ್ ಸಿಸ್ಟರ್ ಅದನ್ನು ಓದಿ, ನನಗೆ ಏನೂ ಹೇಳದೆ, ಸೀದಾ ಮುದುಕರ ಹತ್ತಿರ ಹೋಗಿ 'ಯಪ್ಪಾ, ಕೆಮ್ಮಿದಾಗ ಬಿತ್ತೋ, ಕಾರಿಕೊಂಡಾಗ ಬಿತ್ತೋ?' ಎಂದು ಕೇಳಿದರು. ಅವರು ಟವೆಲಿನ ತುದಿ ಬಿಚ್ಚಿ ತೋರಿಸಿದರು. ಕೆಂಪಗೆ, ನೊರೆನೊರೆಯಾಗಿ, ಕಫದೊಂದಿಗೆ ಬೆರೆತಿತ್ತು. ಅದು ಹೀಮಾಪ್ಟಿಸಿಸ್, ಶ್ವಾಸಕೋಶದ ಕಡೆಯದು, ಹೊಟ್ಟೆಯದಲ್ಲ. ಹೊಟ್ಟೆಯಿಂದ ಬಂದಿದ್ದರೆ ಅನೇಕ ಸಲ ಕಾಫಿಪುಡಿ ಕಲಸಿದಂತೆ ಕಪ್ಪಾಗಿ, ಊಟದ ಅಗುಳಿನೊಂದಿಗೆ ಬರುತ್ತದೆ. 'ಎಮೆಸಿಸ್' ಎಂದರೆ ವಾಂತಿ, 'ಪ್ಟಿಸಿಸ್' ಎಂದರೆ ಉಗುಳುವುದು ಎಂದು ನನಗೆ ಆ ದಿನಕ್ಕೂ ಗೊತ್ತಿತ್ತು, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಗೊತ್ತಿಲ್ಲದೆ ಇದ್ದದ್ದು ಕೇಳಬೇಕಾದ ಪ್ರಶ್ನೆ.

ಅದಾದ ಮೇಲೆ ನೋಟ್‌ಬುಕ್ಕನ್ನು ತಿರುಗಿಸಿ ಬರೆಯತೊಡಗಿದೆ. ಎಡಗಡೆ ನಮ್ಮ ಜನರ ಮಾತು, ನಡುವೆ ಕೇಳಬೇಕಾದ ಪ್ರಶ್ನೆ, ಬಲಗಡೆ ವೈದ್ಯಕೀಯ ಪದ. 'ಉರಿ' ಎಂಬ ಒಂದೇ ಮಾತನ್ನು ನೋಡು. ನಮ್ಮ ಕಡೆ 'ಉರಿ ಬಂದಾವ' ಎಂದರೆ ಜ್ವರ, ಅದು ಪೈರೆಕ್ಸಿಯಾ. 'ಎದಿ ಉರಿ' ಎಂದರೆ ಪೈರೋಸಿಸ್. 'ಉಚ್ಚಿ ಉರಿ' ಎಂದರೆ ಡಿಸ್ಯೂರಿಯಾ. ಮಾಸ್ತರರಿಗೆ ಇಷ್ಟವಾಗಬಹುದಾದ ಸಂಗತಿಯೆಂದರೆ, ಪೈರೆಕ್ಸಿಯಾ ಮತ್ತು ಪೈರೋಸಿಸ್ ಎರಡರ ಒಳಗೂ ಇರುವುದು ಗ್ರೀಕಿನ ಬೆಂಕಿ, ಎಂದರೆ ನಮ್ಮ ಉರಿಯೇ. 'ಚಕ್ಕರ್' ಎಂದರೆ ಇನ್ನೂ ಕಷ್ಟ. ಮನೆ ಗಿರಗಿರನೆ ತಿರುಗಿತೋ? ಅದು ವರ್ಟಿಗೋ. ಎದ್ದು ನಿಂತ ಕೂಡಲೇ ಕಣ್ಣಿಗೆ ಕತ್ತಲೆ ಬಂತೋ? ಅಲ್ಲಿ ಕೂತಾಗ ಮತ್ತು ನಿಂತಾಗ ಬಿ.ಪಿ. ನೋಡಬೇಕು. ಎಚ್ಚರ ತಪ್ಪಿ ಬಿದ್ದು ಸ್ವಲ್ಪ ಹೊತ್ತಿನಲ್ಲಿ ತಾವಾಗಿಯೇ ಎದ್ದರೋ? ಅದು ಸಿಂಕಪಿ. ಮೂರಕ್ಕೂ ರೋಗಿಯ ಬಾಯಲ್ಲಿ ಬರುವುದು 'ಚಕ್ಕರ್ ಬಂತು' ಎಂಬ ಒಂದೇ ಮಾತು.

'ಗ್ಯಾಸ್ ಆಗ್ಯಾದ' ಎಂದು ಎದೆ ಮುಟ್ಟಿಕೊಂಡು ಬಂದವರನ್ನು ಮಾತ್ರ ಎಂದೂ ಗ್ಯಾಸ್ ಎಂದು ಬರೆದು ಕೂಡಿಸಬೇಡ. 'ಎದೆನೋವು' ಎಂದೇ ಬರೆದು, ಇ.ಸಿ.ಜಿ.ಗೆ ಹೇಳಿ, ವೈದ್ಯರನ್ನು ಕರೆ. ನೀನಾಗಿಯೇ ರೋಗದ ಹೆಸರಿಡುವುದಕ್ಕಿಂತ ಅವರು ಹೇಳಿದ ಮಾತನ್ನೇ ಹಾಗೆ ಬರೆದುಕೊಳ್ಳುವುದು ಎಷ್ಟೋ ಸಲ ಲೇಸು.

ಔಷಧಿ ಅಂಗಡಿಯವನು:

ಸಂಕ್ಷಿಪ್ತ ರೂಪಗಳ ವಿಷಯವನ್ನು ಯಾರೂ ಎತ್ತಲಿಲ್ಲ. ಚೀಟಿಯಲ್ಲಿ ಬರುವ ಬಿ.ಡಿ., ಟಿ.ಡಿ.ಎಸ್., ಎಚ್.ಎಸ್., ಎಸ್.ಒ.ಎಸ್., ಸ್ಟ್ಯಾಟ್ ಎಲ್ಲವೂ ಲ್ಯಾಟಿನ್: ಕ್ರಮವಾಗಿ ದಿನಕ್ಕೆ ಎರಡು ಸಲ, ಮೂರು ಸಲ, ಮಲಗುವ ಹೊತ್ತಿಗೆ, ಬೇಕಾದಾಗ, ಈಗಿಂದೀಗ. ಇವು ಒಂದು ವಾರದಲ್ಲಿ ಬಾಯಿಗೆ ಬರುತ್ತವೆ. ಆದರೆ 'ಓ.ಡಿ.' ಎಂಬುದು ಗುಳಿಗೆಯ ಮುಂದೆ ಇದ್ದರೆ ದಿನಕ್ಕೊಮ್ಮೆ, ಕಣ್ಣಿನ ಚೀಟಿಯಲ್ಲಿ ಇದ್ದರೆ ಬಲಗಣ್ಣು. 'ಪಿ.ಐ.ಡಿ.' ಎಂದರೆ ಸ್ತ್ರೀರೋಗ ವಾರ್ಡಿನಲ್ಲಿ ಗರ್ಭಕೋಶದ ಸುತ್ತಲಿನ ಸೋಂಕು, ಎಲುಬಿನ ವಾರ್ಡಿನಲ್ಲಿ ಬೆನ್ನಿನ ಡಿಸ್ಕ್ ಜಾರಿರುವುದು. ಎಲ್ಲಕ್ಕಿಂತ ಅಪಾಯದ್ದು ಇನ್ಸುಲಿನ್ ಮುಂದೆ ಯೂನಿಟ್ ಎಂಬುದಕ್ಕೆ ಬರೆಯುವ ಒಂಟಿ 'ಯು' ಅಕ್ಷರ. ಅವಸರದ ಕೈಬರಹದಲ್ಲಿ ಅದು ಸೊನ್ನೆಯಂತೆ ಕಂಡು 10 ಯೂನಿಟ್ 100 ಆಗುತ್ತದೆ. ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಅಮೆರಿಕದ ಸಂಸ್ಥೆಯಾದ ಜಾಯಿಂಟ್ ಕಮಿಷನ್ 2004ರಲ್ಲಿಯೇ ಇಂತಹ ರೂಪಗಳನ್ನು ಬಳಸಕೂಡದೆಂದು ಪಟ್ಟಿ ಮಾಡಿತು. ನಮ್ಮಲ್ಲಿ 1 ಮಿಲಿಲೀಟರಿಗೆ 40 ಯೂನಿಟ್ ಇರುವ ಮತ್ತು 100 ಯೂನಿಟ್ ಇರುವ ಎರಡೂ ಬಾಟಲಿಗಳು ಸಿಗುವುದರಿಂದ, ಅವುಗಳ ಸಿರಿಂಜುಗಳೂ ಬೇರೆಬೇರೆಯಾಗಿರುವುದರಿಂದ, 'ಯೂನಿಟ್' ಎಂದು ಪೂರ್ತಿಯಾಗಿಯೇ ಬರೆಯುವ ರೂಢಿ ಮಾಡಿಕೊಳ್ಳಿರಿ.

ರಾತ್ರಿಪಾಳಿ:

ಇದಕ್ಕೆ ಇನ್ನೊಂದನ್ನು ಸೇರಿಸುತ್ತೇನೆ. ಪಾಳಿ ಬದಲಾಗುವಾಗ 'ಆರನೇ ಬೆಡ್ ಹೈಪೋ ಆಗಿದೆ' ಎಂದು ಹೇಳಿ ಹೊರಟುಬಿಡುವವರಿದ್ದಾರೆ. ಸಕ್ಕರೆ ಇಳಿದ ಹೈಪೋಗ್ಲೈಸೀಮಿಯಾವೋ, ಬಿ.ಪಿ. ಇಳಿದ ಹೈಪೊಟೆನ್ಷನ್ನೋ? ಒಂದಕ್ಕೆ ಕೊಡುವುದು ಗ್ಲೂಕೋಸ್, ಇನ್ನೊಂದಕ್ಕೆ ನೋಡುವ ಉಪಚಾರವೇ ಬೇರೆ. ಬಾಗಿಲವರೆಗೆ ಓಡಿಹೋಗಿಯಾದರೂ ಸರಿ, ಪೂರ್ತಿ ಪದವನ್ನು ಹೇಳಿಸಿಕೊಳ್ಳಬೇಕು. ಹಿರಿಯಕ್ಕನವರ ಮೂರು ಕಾಲಮ್ಮಿನ ನೋಟ್‌ಬುಕ್ ಓದಿದ ಮೇಲೆ, ಕನ್ನಡ ಬಿಡಬೇಕೆಂದು ನಾನು ಮೊದಲು ಬರೆದದ್ದನ್ನು ಹಿಂದಕ್ಕೆ ಪಡೆಯುತ್ತೇನೆ. ಚೀಟಿಗಳನ್ನು ಮಾತ್ರ ಬಿಟ್ಟುಕೊಡುವುದಿಲ್ಲ.

ಭೀಮಾತೀರದವಳು:

ಎರಡು ತಿಂಗಳ ನಂತರ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮೆಯಿರಲಿ. ನಮ್ಮನ್ನು ಕ್ಲಿನಿಕಲ್‌ಗೆ ಹಾಕಿದ್ದಾರೆ. ಹಿರಿಯಕ್ಕನವರು ಹೇಳಿದಂತೆ ಮೂರು ಕಾಲಮ್ ಹಾಕಿಕೊಂಡಿದ್ದೇನೆ, ಬಲಗಡೆಯ ಪದಗಳನ್ನು ಬೋಧಕರು ಹೇಳಿದಂತೆ ಬಿಡಿಸಿ ಬರೆಯುತ್ತೇನೆ. ಎಂಬತ್ತರ ಹತ್ತಿರ ಸಾಲುಗಳಾಗಿವೆ. ಅವುಗಳಲ್ಲಿ ಒಂದು ಸಾಲು ಮಾತ್ರ ಪೆಟ್ಟು ತಿಂದು ಬರೆದದ್ದು.

ಹೋದ ಮಂಗಳವಾರ ಒಬ್ಬ ಹಿರಿಯರು 'ಮುಂಜಾನಿಂದ ಉಚ್ಚಿ ಬಂದಿಲ್ಲವ್ವ' ಎಂದರು. ಮೂತ್ರವೇ ಇಲ್ಲ ಎಂದರೆ 'ಅನ್' ಮತ್ತು 'ಯೂರಿಯಾ' ಎಂದು ನನ್ನಷ್ಟಕ್ಕೇ ಬಿಡಿಸಿಕೊಂಡು, ಬಹಳ ಹೆಮ್ಮೆಯಿಂದ 'ಅನ್ಯೂರಿಯಾ' ಎಂದು ಬರೆದೆ. ಸ್ಟಾಫ್ ಸಿಸ್ಟರ್ ಓದಿದರು, ಪರದೆ ಎಳೆದರು, ನನ್ನ ಕೈ ಹಿಡಿದು ಹಿರಿಯರ ಕಿಬ್ಬೊಟ್ಟೆಯ ಮೇಲೆ ಇಟ್ಟರು. ಹೊಕ್ಕುಳದ ಕೆಳಗೆ ಗಾಳಿ ತುಂಬಿದ ಚೆಂಡಿನಂತೆ ಬಿಗಿಯಾಗಿತ್ತು. ಮುಟ್ಟಿದ ಕೂಡಲೇ ಅವರು ನೋವಿನಿಂದ ಹಲ್ಲು ಕಚ್ಚಿದರು. ವೈದ್ಯರು ಬಂದು ಕ್ಯಾಥೆಟರ್ ಹಾಕಿಸಿದ ಮೇಲೆ ಚೀಲಕ್ಕೆ ಇಳಿದದ್ದನ್ನು ನಾನೇ ಅಳೆದು ಬರೆದೆ: 900 ಮಿಲಿಲೀಟರ್. ಮೂತ್ರಪಿಂಡಗಳು ತಮ್ಮ ಕೆಲಸವನ್ನು ಮಾಡಿಯೇ ಇದ್ದವು, ಮೂತ್ರ ಒಳಗೆ ಸಿಕ್ಕಿಕೊಂಡಿತ್ತು. ಅದು ರಿಟೆನ್ಷನ್.

ಈಗ ಆ ಸಾಲಿನ ನಡುವಿನ ಕಾಲಮ್ಮಿನಲ್ಲಿ 'ಹೊಟ್ಟಿ ಬಿಗದದೇನು? ಬರಂಗ ಆಗಿ ಬರವಲ್ದೇನು? ಮುಟ್ಟಿ ನೋಡು' ಎಂದು ಬರೆದುಕೊಂಡಿದ್ದೇನೆ. ಬಲಗಡೆ ಎರಡು ಪದಗಳಿವೆ. ಅಕ್ಕಾ, ಒಂದು ಅನುಮಾನ ಉಳಿದಿದೆ. ಅದೇ ಹಿರಿಯರ ಹಳೆಯ ಫೈಲಿನಲ್ಲಿ 'ಹೆಸಿಟೆನ್ಸಿ' ಎಂದು ಬರೆದಿದ್ದರು. ಹೋಗಿ ನಿಂತರೂ ಮೂತ್ರ ಬೇಗ ಶುರುವಾಗದಿರುವುದು ಎಂದು ಪುಸ್ತಕದಲ್ಲಿದೆ. ನಮ್ಮ ಕಡೆ ಇದಕ್ಕೆ ಏನೆನ್ನುತ್ತಾರೆ? ಎಡಗಡೆಯ ಜಾಗ ಖಾಲಿ ಇದೆ.

ವಾರ್ಡಿನ ಹಿರಿಯಕ್ಕ:

ಮೊದಲು ಆ ಹಿರಿಯರ ಕಿಬ್ಬೊಟ್ಟೆಯನ್ನು ಮುಟ್ಟಿ ನೋಡಿದ್ದಕ್ಕೆ ನಿನ್ನ ಸ್ಟಾಫ್ ಸಿಸ್ಟರಿಗೆ ನನ್ನ ನಮಸ್ಕಾರ ಹೇಳು. ಇಡೀ 24 ಗಂಟೆಯಲ್ಲಿ 100 ಮಿಲಿಲೀಟರೂ ಆಗದೆ, ಮೂತ್ರಕೋಶವೂ ಖಾಲಿ ಇದ್ದರೆ ಮಾತ್ರ ನೀನು ಬರೆದ ಪದಕ್ಕೆ ಜಾಗ.

ಹೆಸಿಟೆನ್ಸಿಗೆ ನಮ್ಮವರಲ್ಲಿ ಒಂದು ಪದವಿಲ್ಲ, ತಂಗಿ, ಒಂದು ಇಡೀ ಮಾತೇ ಇದೆ. ಎಡಗಡೆ ಹೀಗೆ ಬರೆದುಕೋ: 'ಹೋಗಿ ನಿಂತ್ರೂ ಲಗೂನ ಬರಂಗಿಲ್ಲ್ರಿ, ದಾರಿ ಕಾಯಬೇಕಾಗ್ತದ.'